ಕಬ್ಬಿನ ಗಾಡಿಗೆ ದೀಪ ಕೇಳಹೋದವಳು

ನೆಚೇಸಳ ಚಹಾದಲ್ಲಿ ಸಕ್ಕರೆ ಕಡಿಮೆ ಎಂದು ದೂರುವ ಧೈರ್ಯ ನೈರೋಬಿಯಿಂದ ಬಹುದೂರದ ನಮ್ಮ ಇಬುಲೆ ಮಾರುಕಟ್ಟೆಯಲ್ಲಿ ಯಾರಿಗೂ ಇರಲಿಲ್ಲ. ಹೊಸ ಡ್ರೈವರ್ ಯಾರಾದರೂ ಗೊತ್ತಿಲ್ಲದೆ ಬಾಯಿ ಬಿಟ್ಟರೆ ಸಕ್ಕರೆ ಡಬ್ಬಿಯನ್ನೇ ತಂದು ಅವನ ಮುಂದೆ ಕುಕ್ಕಿ, "ತಗೊಳಪ್ಪ, ಇದರೊಳಗೇ ಬಿದ್ದು ಸಾಯಿ" ಅನ್ನುತ್ತಿದ್ದಳು. ಬೆಂಚಿನ ಮೇಲಿದ್ದವರೆಲ್ಲ ಗೊಳ್ಳೆಂದು ನಗುತ್ತಿದ್ದರು. ಬೈಸಿಕೊಂಡವನೂ ನಕ್ಕು ಇನ್ನೆರಡು ಮಂದಾಜಿ ಹಾಕಮ್ಮ ಅನ್ನುತ್ತಿದ್ದ. ಎಣ್ಣೆಯಲ್ಲಿ ಕರಿದ ಸಿಹಿ ಹಿಟ್ಟಿನ ಆ ಬಿಸಿ ಮಂದಾಜಿ ಬಿಟ್ಟು ಮುನಿಸಿಕೊಂಡು ಹೋಗುವ ಗಂಡಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

ನನ್ನ ಹಿಟ್ಟಿನ ಗಿರಣಿ ಅವಳ ತಗಡಿನ ಹೋಟೆಲಿಗೆ ನೇರ ಎದುರು. ನಡುವೆ ಡಾಂಬರು ರಸ್ತೆ. ಸ್ವಲ್ಪ ಮುಂದಕ್ಕೆ ಸಕ್ಕರೆ ಕಾರ್ಖಾನೆಯ ತೂಕದ ಮನೆ. ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಅಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ತೂಕ ಆಗುವವರೆಗೆ ಡ್ರೈವರುಗಳಿಗೆ ಮಾಡಲು ಕೆಲಸವಿಲ್ಲ, ಬಂದು ಇವಳ ಬೆಂಚಿನ ಮೇಲೆ ಕೂರುತ್ತಾರೆ. ಅಂದರೆ ನೆಚೇಸಳಿಗೆ ಅನ್ನ ಹಾಕುತ್ತಿದ್ದವರು ಆ ಟ್ರ್ಯಾಕ್ಟರಿನವರೇ. ಅವಳು ಅವರ ವೈರಿ ಎಂದು ಆಮೇಲೆ ಯಾರ್ಯಾರೋ ಆಡಿಕೊಂಡರಲ್ಲ, ಅವರ ನಾಲಗೆಗೆ ಮೂಳೆ ಇಲ್ಲ.

ಸುಗ್ಗಿಯಲ್ಲಿ ಹುಟ್ಟಿದ ಹೆಣ್ಣುಮಗುವಿಗೆ ನಮ್ಮಲ್ಲಿ ನೆಚೇಸ ಎಂದು ಹೆಸರಿಡುತ್ತಾರೆ. ಇವಳು ಬುಸಿಯಾ ಕಡೆಯಿಂದ ಮದುವೆಯಾಗಿ ಬಂದವಳು. ಗಂಡ ವಂಗತಿಯಾ ಬಾಡಿಗೆ ಬೈಕು ಓಡಿಸುತ್ತಿದ್ದ. ಹೆಂಡತಿಯ ಬಾಯಿ ಎಷ್ಟು ಜೋರೋ ಅವನ ಬೈಕು ಅಷ್ಟು ಮೆಲ್ಲಗೆ. ಅವನ ಹಿಂದೆ ಕೂತವರು "ಇಳಿದು ನಡ್ಕೊಂಡು ಹೋಗ್ತೀನಿ ಕಣಪ್ಪ, ಸಂತೆ ಮುಗಿದುಹೋಗುತ್ತೆ" ಎಂದು ಗೋಳಾಡುತ್ತಿದ್ದರು. ಆಮೆ ಎಂದೇ ಅವನಿಗೆ ಹೆಸರು ಬಿದ್ದಿತ್ತು. ಆದರೆ ತುಂಬಿದ ಬಸುರಿಯನ್ನು ಆಸ್ಪತ್ರೆಗೆ ಸಾಗಿಸಬೇಕಾದರೆ ಎಲ್ಲರೂ ಆಮೆಯನ್ನೇ ಹುಡುಕಿಕೊಂಡು ಬರುತ್ತಿದ್ದರು. ಗುಂಡಿ ಬಂದರೆ ಬೈಕು ನಿಲ್ಲಿಸಿ, ಇಳಿಸಿ, ಗುಂಡಿ ದಾಟಿಸಿ, ಮತ್ತೆ ಹತ್ತಿಸಿಕೊಳ್ಳುವವನು ಅವನೊಬ್ಬನೇ. ಕುಡಿತವಿಲ್ಲ, ಜಗಳವಿಲ್ಲ. ಹೆಂಡತಿ ಬೈದರೆ ತಲೆ ಕೆರೆದುಕೊಂಡು ನಗುತ್ತಿದ್ದ. ಅಂಥವನು ಸತ್ತ.

ಹೇಗೆ ಸತ್ತ ಎಂದು ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ತೊರೆಯ ಹತ್ತಿರದ ತಿರುವಿನಲ್ಲಿ ಒಂದು ಕಬ್ಬಿನ ಗಾಡಿಯ ಅಚ್ಚು ಮುರಿದು ನಡುರಸ್ತೆಯಲ್ಲಿ ನಿಂತಿತ್ತು. ಕಬ್ಬಿನ ಟ್ರೇಲರುಗಳ ಬೆನ್ನಿಗೆ ದೀಪವೂ ಇಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ಯಾವ ಕಾನೂನೂ ಅವಕ್ಕೆ ಅದನ್ನು ಹೇಳಿರಲಿಲ್ಲ, ಹೊಲದ ಸಾಮಾನು ಎಂದು ಲೆಕ್ಕ. ಗಾಡಿ ಕೆಟ್ಟರೆ ನಮ್ಮ ಕಡೆಯ ಡ್ರೈವರುಗಳು ಹೇರಿನಿಂದ ಒಂದಿಷ್ಟು ಹಸಿ ಸೋಗೆ ಕಿತ್ತು ಹಿಂದೆ ರಸ್ತೆಗೆ ಅಡ್ಡಲಾಗಿ ಹಾಸುತ್ತಾರೆ. ಸೋಗೆ ಕಂಡರೆ ಮುಂದೆ ಗಾಡಿ ನಿಂತಿದೆ ಎಂದು ತಿಳಿದುಕೊಳ್ಳಬೇಕು. ಅವತ್ತಿನ ಡ್ರೈವರೂ ಹಾಸಿಯೇ ಮೆಕ್ಯಾನಿಕ್ಕನ್ನು ಕರೆತರಲು ಹೋದ. ಆಮೇಲೆ ಮನೆ ಕಡೆ ಹೊರಟಿದ್ದ ಮೇಕೆಗಳ ಹಿಂಡು ಬಂದು ಆ ಸೋಗೆಯನ್ನು ಒಂದೆಲೆ ಬಿಡದೆ ಮೇಯ್ದುಕೊಂಡು ಹೋಯಿತು. ಇಲ್ಲಿ ಹೊತ್ತು ಮುಳುಗಿತೋ, ದೀಪ ಆರಿಸಿದ ಹಾಗೆ ಕತ್ತಲಾಗುತ್ತದೆ. ವಂಗತಿಯಾ ತನ್ನ ಆಮೆ ನಡಿಗೆಯಲ್ಲೇ ಬಂದು, ಬೈಕಿನ ದೀಪ ತಿರುವಿನಾಚೆ ಬೀಳುವ ಮೊದಲೇ, ಗಾಡಿಯ ಹಿಂದಕ್ಕೆ ಚಾಚಿಕೊಂಡಿದ್ದ ಕಬ್ಬಿನ ಜಲ್ಲೆಗಳಿಗೆ ಎದೆ ಬಡಿದು ಬಿದ್ದ.

ಮಣ್ಣು ಮಾಡುವ ದಿನ ಬೈಕಿನ ಹುಡುಗರು ಪೆಟ್ರೋಲ್ ಡಬ್ಬಿ ಹಿಡಿದು ಆ ಟ್ರ್ಯಾಕ್ಟರನ್ನು ಸುಡಲು ಹೊರಟರು. ಆಗ ಎದ್ದು ನಿಂತವರು ಒಸುಂದ್ವಾ ಅಜ್ಜ. ವಂಗತಿಯಾನ ದೊಡ್ಡಪ್ಪ, ಆ ಕುಲಕ್ಕೆ ಹಿರಿಯರು. ಸಾವಿನ ಮನೆಯಲ್ಲಿ ಮಾತಾಡಲು ಅವರನ್ನು ಬಿಟ್ಟರೆ ಇಲ್ಲ. ಹಳೆಯ ಕೋಟು, ಕೈಕೋಲು, ಬೆಣ್ಣೆಯಂಥ ಮಾತು. "ನಮ್ಮ ಮನೆಗೆ ಯಾರ ಮೇಲೂ ಸಿಟ್ಟಿಲ್ಲ. ನಾವು ಯಾರ ಹತ್ರಾನೂ ಏನೂ ಕೇಳಲ್ಲ. ಈ ಗಾಡಿ ಓಡಿಸಿದವನು ಬಂದು ನಮ್ಮ ಅಂಗಳದಲ್ಲಿ ನೀರು ಕುಡಿದು ಹೋಗಲಿ" ಎಂದರು. ಹೀಗೆ ಹೇಳುವುದು ನಮ್ಮ ವಾಡಿಕೆ. ಇಷ್ಟು ಹೇಳಿಬಿಟ್ಟರೆ ಒಂದು ಸಾವಿನ ಹಿಂದೆ ಇನ್ನೊಂದು ಸಾವು ಬರುವುದಿಲ್ಲ. ಹುಡುಗರು ಡಬ್ಬಿ ಕೆಳಗಿಟ್ಟರು. ಡ್ರೈವರ್ ನಡುಗುತ್ತ ಬಂದ. ನೆಚೇಸಳೇ ಲೋಟದಲ್ಲಿ ನೀರು ತಂದು ಕೊಟ್ಟಳು, ಅವನು ಕುಡಿದ.

"ಅವನ ಮೇಲೆ ನಂಗೆ ನಿಜವಾಗ್ಲೂ ಸಿಟ್ಟಿಲ್ಲ ಅಕ್ಕ," ಎಂದು ಆಮೇಲೆ ನನ್ನ ಹತ್ತಿರ ಹೇಳಿದಳು. "ಸೋಗೆ ಹಾಸಿದ್ದ ಪಾಪ. ಇನ್ನೇನು ಮಾಡ್ತಾನೆ? ದೀಪ ಕೊಡಬೇಕಾದೋರೇ ಅವನಿಗೆ ದೀಪ ಕೊಟ್ಟಿಲ್ಲ."

"ಮೇಕೆ ಮೇಲೆ?" ಎಂದೆ. ನನ್ನ ಬಾಯಿ ಹಾಗೆ, ಅಳುವವರ ಮುಂದೆಯೂ ಸುಮ್ಮನಿರುವುದಿಲ್ಲ.

"ಮೇಕೆಗೆ ಓದೋಕೆ ಬರುತ್ತಾ? ಬಂದಿದ್ರೂ ತಿಂತಿತ್ತು" ಎಂದಳು. ಗಂಡ ಹೋದ ಮೇಲೆ ಅವಳು ಮೊದಲ ಸಲ ನಕ್ಕಿದ್ದು ಅವತ್ತು.

ಬೈಕನ್ನು ರಿಪೇರಿ ಮಾಡಿಸಿ ಮಗ ಮೆಲ್ಕಿ ಓಡಿಸತೊಡಗಿದ. ಮೆಲ್ಕಿಜೆಡೆಕ್ ಎಂದು ಚರ್ಚಿನಲ್ಲಿಟ್ಟ ಹೆಸರು, ಅಷ್ಟುದ್ದ ಕರೆಯುವಷ್ಟು ಪುರುಸೊತ್ತು ಯಾರಿಗಿದೆ. ಮದುವೆ ವಯಸ್ಸಿಗೆ ಬಂದ ಗಂಡು. ಅಪ್ಪನ ಮುಖ, ತಾಯಿಯ ಬಾಯಿ. ಬೈಕು ಓಡಿಸುವುದು ಮಾತ್ರ ಇಬ್ಬರ ಹಾಗೂ ಅಲ್ಲ, ಬೆನ್ನಿಗೆ ಬೆಂಕಿ ಬಿದ್ದವನ ಹಾಗೆ. ನೆಚೇಸ ಬೇಡ ಅಂದಳು, ಅತ್ತಳು, ಬೈಕಿನ ಕೀಲಿಯನ್ನು ಹಿಟ್ಟಿನ ಡಬ್ಬಿಯೊಳಗೆ ಬಚ್ಚಿಟ್ಟಳು. "ಮಂದಾಜಿ ಮಾರಿ ಇಬ್ಬರು ತಂಗಿಯರನ್ನ ಶಾಲೆಗೆ ಕಳಿಸ್ತೀಯಾ ಅಮ್ಮ?" ಎಂದು ಅವನು ಕೇಳಿದ. ಕೀಲಿ ಹಿಟ್ಟಿನಿಂದ ಹೊರಬಂತು. ಅಂದಿನಿಂದ ಸಂಜೆಯಾದರೆ ನೆಚೇಸಳ ಕೈ ಹಿಟ್ಟಿನಲ್ಲಿ, ಕಿವಿ ರಸ್ತೆಯಲ್ಲಿ. ಬರುವ ಬೈಕು ಯಾರದು ಎಂದು ಸದ್ದಿನಿಂದಲೇ ಹೇಳುವುದನ್ನು ಕಲಿತಳು. ಮಗನದು ಬಂದ ಮೇಲೆಯೇ ಒಲೆ ಆರಿಸುತ್ತಿದ್ದಳು.

ಮರುವರ್ಷ ಕಟಾವು ಶುರುವಾಗುವ ಹೊತ್ತಿಗೆ ರೇಡಿಯೋದಲ್ಲಿ ಸುದ್ದಿ ಬಂತು. ಸರ್ಕಾರ ರಸ್ತೆ ಸುರಕ್ಷತೆಯ ನಿಯಮಗಳನ್ನು ಹೊಸದಾಗಿ ಬರೆಯುತ್ತಿದೆ, ಊರೂರಿಗೆ ಬಂದು ಜನರ ಅಭಿಪ್ರಾಯ ಕೇಳುತ್ತದೆ, ಅದಾದ ಮೇಲೆ ನಿಯಮ ಗಟ್ಟಿಯಾಗುತ್ತದೆ. ಬಸ್ಸಿಗೆ ಅದು, ಶಾಲೆಯ ವ್ಯಾನಿಗೆ ಇದು ಎಂದು ಓದುತ್ತ ಓದುತ್ತ, ಕಬ್ಬು ಸಾಗಿಸುವ ಟ್ರೇಲರುಗಳಿಗೂ ಇನ್ನು ಮುಂದೆ ಹಿಂದೆ ದೀಪ, ಹೊಳೆಯುವ ಫಲಕ, ಕತ್ತಲಾದ ಮೇಲೆ ಓಡಾಟವಿಲ್ಲ ಎಂದು ಓದಿದರು. ನಾನು ಗಿರಣಿ ನಿಲ್ಲಿಸಿ, ಜೋಳ ತಂದವರನ್ನು ಅಲ್ಲೇ ಬಿಟ್ಟು, ರಸ್ತೆ ದಾಟಿ ಓಡಿದೆ.

"ಮೆಲ್ಕಿಯಮ್ಮಾ, ಕಬ್ಬಿನ ಗಾಡಿಗೆ ದೀಪ ಹಾಕಿಸ್ತಾರಂತೆ ಕಣೇ!"

ಅವಳು ನಂಬಲಿಲ್ಲ. "ಯಾರು ಹೇಳಿದ್ದು?"

"ಸರ್ಕಾರ. ಬಂದು ನಮ್ಮನ್ನ ಕೇಳ್ತಾರಂತೆ, ಹಾಕಿಸೋದಾ ಬೇಡವಾ ಅಂತ."

"ಇದನ್ನೂ ಕೇಳ್ಬೇಕಾ?" ಎಂದಳು. ಕೈಗಂಟಿದ ಹಿಟ್ಟು ಒರೆಸಿಕೊಂಡು, "ಕೇಳಲಿ ಅಕ್ಕ. ನಾನು ಹೇಳ್ತೀನಿ" ಎಂದಳು.

ಸಭೆ ನಮ್ಮ ಭಾಗದ ಸರ್ಕಾರಿ ಅಧಿಕಾರಿ ಚೀಫನ ಕಚೇರಿಯ ಅಂಗಳದಲ್ಲೇ ಎಂದು ಗೊತ್ತಾಯಿತು. ನೆಚೇಸ ದಿನಾ ಮಧ್ಯಾಹ್ನ ಗಿರಣಿಗೆ ಬಂದು, ನಾನು ಯಂತ್ರದ ಬೆಲ್ಟು ಕಳಚಿದ ಮೇಲೆ, ಹಿಟ್ಟಿನ ಮೂಟೆಗಳ ಮುಂದೆ ನಿಂತು ಮಾತು ಕಲಿಯುತ್ತಿದ್ದಳು. ಅಷ್ಟು ಜನರ ಬಾಯಿ ಮುಚ್ಚಿಸುವವಳು ನನ್ನೊಬ್ಬಳ ಮುಂದೆ ಬೆವರುತ್ತಿದ್ದಳು. ನಾನು ಕಾರ್ಖಾನೆಯವರನ್ನು ನಾಲ್ಕು ಬೈಯಿ ಎಂದೆ. ಅವಳು ಒಪ್ಪಲಿಲ್ಲ. ಕೊನೆಗೆ ಅವಳ ಮಾತು ಇಷ್ಟಕ್ಕೆ ಬಂದು ನಿಂತಿತು:

"ನನ್ನ ಗಂಡ ವಂಗತಿಯಾ. ಮೆಲ್ಲಗೆ ಹೋಗ್ತಿದ್ದ. ಕುಡೀತಿರ್ಲಿಲ್ಲ. ನಿಂತಿದ್ದ ಗಾಡಿ ಕಾಣ್ಲಿಲ್ಲ. ದೀಪ ಇದ್ದಿದ್ರೆ ಕಾಣ್ತಿತ್ತು. ಈಗ ನನ್ನ ಮಗ ಅದೇ ಬೈಕಲ್ಲಿ ಅದೇ ರಸ್ತೇಲಿ ಹೋಗ್ತಾನೆ. ದೀಪ ಹಾಕ್ಸಿ."

ಇದಕ್ಕೆ ಇಲ್ಲ ಅನ್ನುವವನು ಯಾರಿದ್ದಾನೆ ಎಂದುಕೊಂಡೆ. ಎಂಥ ಮಂಕು ನಾನು.

ಒಂದು ತೊಡಕಿತ್ತು. ಗಂಡನ ಸಾವಿನ ಮಾತನ್ನು ಹೆಂಡತಿ ಹೊರಗಿನವರ ಮುಂದೆ ತಾನಾಗಿ ಎತ್ತುವಂತಿಲ್ಲ. ಗಂಡನ ಕಡೆಯ ಹಿರಿಯರು ಮೊದಲು ಬಾಯಿ ತೆರೆಯಬೇಕು. "ಸರ್ಕಾರದ ಸಭೆಗೂ ಸಾವಿನ ಮನೆಗೂ ಏನೇ ಸಂಬಂಧ? ಸುಮ್ನೆ ಎದ್ದು ಹೇಳು" ಎಂದೆ.

"ಹೇಳ್ಬಿಟ್ಟು? ನಾಳೆ ಮೆಲ್ಕಿ ಹೆಣ್ಣು ಕೇಳೋಕೆ ಹೋಗುವಾಗ ಯಾರು ಬರ್ತಾರೆ, ನೀನಾ? ಗಿರಣಿ ಹೊತ್ಕೊಂಡು?" ಎಂದಳು.

ಹಾಗಾಗಿ ಅವಳು ಒಂದು ಕೋಳಿ ಕಂಕುಳಲ್ಲಿ ಇರುಕಿಕೊಂಡು ಒಸುಂದ್ವಾ ಅಜ್ಜನ ಮನೆಗೆ ಹೋದಳು. ಅಜ್ಜ ಕೋಳಿ ತೆಗೆದುಕೊಂಡರು, ಅಂದರೆ ಒಪ್ಪಿದರು. "ಮಾವ, ನೀವು ಮೊದಲು ಎದ್ದು ನಮ್ಮ ಮನೆ ವಿಷಯ ಎತ್ತಿ. ಆಮೇಲೆ ದೀಪದ ಮಾತಿದೆ" ಎಂದು ಕೇಳಿಕೊಂಡಳು. "ಆಗಲಿ ಮಗಳೇ, ಮಾತಾಡ್ತೀನಿ. ಯಾಕೆ ಅಳ್ತೀಯ?" ಎಂದು ಅಜ್ಜ ತಲೆ ಸವರಿ ಕಳಿಸಿದರು. ಆ ದೀಪದ ಮಾತನ್ನು ಆಡುವವಳು ತಾನು ಎಂದು ಅವಳು ಬಿಡಿಸಿ ಹೇಳಲಿಲ್ಲ. ಹಿರಿಯರಿಗೆ ಸೊಸೆಯಾದವಳು ಬಿಡಿಸಿ ಹೇಳುವುದುಂಟೇ?

ಸಭೆಯ ದಿನ ಶಾಮಿಯಾನ, ಬಿಳಿ ಪ್ಲಾಸ್ಟಿಕ್ ಕುರ್ಚಿ, ಸೋಡಾ ಬಾಟಲಿಗಳ ಪೆಟ್ಟಿಗೆ, ಬ್ರೆಡ್ಡು. ನೈರೋಬಿಯಿಂದ ಬಂದ ಅಧಿಕಾರಿ ಒಬ್ಬ ಸಣ್ಣ ವಯಸ್ಸಿನ ಹೆಣ್ಣುಮಗಳು, ನಗುಮುಖದವಳು. ಕೆಟ್ಟವಳಲ್ಲ, ಹಾಗೆ ನಾನು ಹೇಳುವುದಿಲ್ಲ. "ನಿಮ್ಮ ಒಂದೊಂದು ಮಾತೂ ಮೇಲಕ್ಕೆ ಹೋಗುತ್ತೆ. ಸಂಕೋಚ ಪಡಬೇಡಿ" ಎಂದಳು. ಮುಂದಿನ ಸಾಲಿನಲ್ಲಿ ಕಾರ್ಖಾನೆಯ ಮನುಷ್ಯ, ಅವನ ಪಕ್ಕ ಟ್ರೇಲರ್ ಮಾಲೀಕರು. ಅವರು ಒಬ್ಬರಾದ ಮೇಲೆ ಒಬ್ಬರು ಎದ್ದರು. ದೀಪ ಹಾಕಿದರೆ ಕದಿಯುತ್ತಾರೆ. ಹೊಲದೊಳಗೆ ಹೋದರೆ ವೈರು ಕಿತ್ತು ಬರುತ್ತದೆ. ಕತ್ತಲಾದ ಮೇಲೆ ಗಾಡಿ ಓಡದಿದ್ದರೆ ಕಡಿದ ಕಬ್ಬು ಒಣಗಿ ತೂಕ ಕಳೆದುಕೊಳ್ಳುತ್ತದೆ, ನಷ್ಟ ರೈತರಿಗೆ. ಈ ಕೊನೆಯ ಮಾತಿಗೆ ಹಿಂದಿದ್ದ ರೈತರೆಲ್ಲ ಚಪ್ಪಾಳೆ ತಟ್ಟಿದರು. ಅವರನ್ನು ಬೈದು ಪ್ರಯೋಜನವಿಲ್ಲ, ಒಣಗುವುದು ಅವರ ಕಬ್ಬೇ. ಆದರೆ ಅವರ ಮನೆಯಲ್ಲೂ ಬೈಕುಗಳಿದ್ದವು, ಗಂಡುಮಕ್ಕಳಿದ್ದರು. ಅದು ಅವತ್ತು ಒಬ್ಬರಿಗೂ ಹೊಳೆಯಲಿಲ್ಲ.

"ಇಂಥ ಗಾಡಿಯಿಂದ ತೊಂದರೆ ಆದವರು ಯಾರಾದರೂ ಇದ್ದೀರಾ?" ಎಂದು ಅಧಿಕಾರಿ ಕೇಳಿದಳು. ಎಲ್ಲರ ತಲೆ ನೆಚೇಸಳ ಕಡೆ ತಿರುಗಿತು. ಅವಳು ಅಜ್ಜನ ಕಡೆ ನೋಡಿದಳು. ಅಜ್ಜ ಕೋಟಿನ ಗುಂಡಿ ಹಾಕಿಕೊಂಡು, ಕೋಲು ಊರಿ ಎದ್ದರು.

"ಮಕ್ಕಳೇ," ಎಂದರು. "ನಮ್ಮ ಮನೆ ಮಗನನ್ನ ಈ ರಸ್ತೆ ತಗೊಂಡು ಹೋಯ್ತು. ಅತ್ತೆವು, ಮಣ್ಣು ಮಾಡಿದೆವು. ನಮ್ಮ ಮನೆಗೆ ಆ ಗಾಡಿಯವನ ಮೇಲೆ ಸಿಟ್ಟಿಲ್ಲ. ಕಾರ್ಖಾನೆ ಮೇಲೂ ಇಲ್ಲ, ಸರ್ಕಾರದ ಮೇಲೂ ಇಲ್ಲ. ಇವತ್ತು ನಾವು ಏನೂ ಕೇಳೋಕೆ ಬಂದಿಲ್ಲ. ದೂರದಿಂದ ಬಂದಿದ್ದೀರಿ, ಸಮಾಧಾನವಾಗಿ ಊರು ಸೇರ್ಕೊಳ್ಳಿ."

ಎಂಥ ಚಪ್ಪಾಳೆ! ಕಾರ್ಖಾನೆಯ ಮನುಷ್ಯ ಓಡಿಬಂದು ಅಜ್ಜನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅಧಿಕಾರಿ ಕಣ್ಣೊರೆಸಿಕೊಂಡಳು, "ತುಂಬಾ ದೊಡ್ಡ ಮನಸ್ಸಿನ ಮಾತು ಅಜ್ಜ" ಎನ್ನುತ್ತ ಬರೆದುಕೊಂಡಳು.

ನೆಚೇಸ ಎದ್ದು ನಿಂತಳು. "ಅಮ್ಮಾ, ನಂದೊಂದು..." ಎಂದಳು.

ಚೀಫ್ ಕೈ ಎತ್ತಿದ. "ನಿಮ್ಮ ಮನೆ ಮಾತು ಆಯ್ತಲ್ಲ ತಾಯಿ. ಹಿರಿಯರು ಅಷ್ಟು ಚೆನ್ನಾಗಿ ಹೇಳಿದ ಮೇಲೆ ಇನ್ನೇನಿದೆ?"

ಅಜ್ಜ ಹಿಂತಿರುಗಿ ನೋಡಿದರು. ಆ ಮುಖದಲ್ಲಿ ಪ್ರೀತಿ ಬಿಟ್ಟು ಬೇರೇನೂ ಇರಲಿಲ್ಲ, ನನಗೆ ಇಂದಿಗೂ ಹೊಟ್ಟೆ ಉರಿಯುವುದು ಅದಕ್ಕೇ. "ಕೂತ್ಕೋ ಮಗಳೇ. ಹೇಳಿದೀನಿ" ಎಂದರು.

"ಅವಳನ್ನ ಮಾತಾಡೋಕೆ ಬಿಡ್ರಯ್ಯಾ!" ಎಂದು ನಾನು ಹಿಂದಿನಿಂದ ಕೂಗಿದೆ.

"ಕೊನ್ಸೋಲಾತಾ, ನಿನ್ನ ಗಿರಣಿ ಇಲ್ಲಿ ಶುರು ಮಾಡ್ಬೇಡ. ಇಲ್ಲಿ ಯಾರೂ ಜೋಳ ತಂದಿಲ್ಲ" ಎಂದ ಚೀಫ್. ಎಲ್ಲರೂ ನಕ್ಕರು. ಆ ನಗುವಿನ ನಡುವೆ ನೆಚೇಸ ನಿಂತೇ ಇದ್ದಳು. ಈಗ ಬಾಯಿ ತೆರೆದರೆ ಅಜ್ಜನ ಮಾತನ್ನು ಸಾವಿರ ಜನರೆದುರು ಸುಳ್ಳು ಮಾಡಿದ ಹಾಗೆ. ಕುಲದ ಹೆಂಗಸರು ಅವಳ ಲಂಗದ ಅಂಚು ಹಿಡಿದು ಕೆಳಕ್ಕೆ ಎಳೆಯುತ್ತಿದ್ದರು. ಅವಳು ಕೂತಳು. ಆಮೇಲೆ ಸೋಡಾ ಹಂಚಿದರು.

ನಾನು ಅಜ್ಜನ ಮೇಲೆ ಹಲ್ಲು ಮಸೆಯುತ್ತ ಓಡಾಡಿದೆ. ನೆಚೇಸ ನನ್ನ ಬಾಯಿಗೆ ಬೀಗ ಹಾಕಿದಳು, ಆಣೆ ಇಟ್ಟಳು. ಆದರೂ ಅಜ್ಜ ಒಂದು ದಿನ ಜೋಳ ಬೀಸಲು ಬಂದಾಗ ತಡೆಯಲಾಗಲಿಲ್ಲ. "ಅಜ್ಜಾ, ಆ ಕೋಳಿ ಯಾಕೆ ತಂದುಕೊಟ್ಟಳು ಅಂದ್ಕೊಂಡಿದ್ದೀರಿ?" ಎಂದೆ.

"ಮನೆ ಪರವಾಗಿ ಮಾತಾಡೋಕೆ."

"ದೀಪ ಕೇಳೋಕೆ! ಗಾಡಿಗೆ ದೀಪ ಹಾಕ್ಸಿ ಅಂತ ಕೇಳೋಕೆ ಹೋಗಿದ್ದಳು ಅವಳು. ನೀವು ಏನೂ ಬೇಡ ಅಂದ್ರಿ."

"ಸಿಟ್ಟಿಲ್ಲ ಅಂದೆ. ದೀಪ ಬೇಡ ಅಂದ್ನಾ? ದೀಪ ಹಾಕಲೇಬೇಕಲ್ಲ, ಅದು ಹೇಳೋ ಮಾತಾ? ಓದಿದವರು, ಅವರಿಗೆ ಗೊತ್ತಾಗಲ್ವಾ?"

"ಏನೂ ಕೇಳೋಕೆ ಬಂದಿಲ್ಲ ಅಂತ ನೀವೇ ಅಂದಿದ್ದು. ಅದನ್ನೇ ಬರ್ಕೊಂಡ್ಳು."

ಅಜ್ಜ ಬೀಸಿದ ಹಿಟ್ಟನ್ನು ಅಲ್ಲೇ ಬಿಟ್ಟು ಕೋಲೂರುತ್ತ ಹೊರಟುಹೋದರು. ಮರುದಿನ ಕೋಟು ಹಾಕಿಕೊಂಡು ನೆಚೇಸಳ ಹೋಟೆಲಿನ ಮುಂದೆ ನಿಂತಿದ್ದರು. "ನಡಿ ಮಗಳೇ, ಜಿಲ್ಲಾ ಕಚೇರಿಗೆ ಹೋಗೋಣ" ಎಂದರು. ಮೆಲ್ಕಿಯ ಬೈಕಿನ ಮೇಲೆ ಮೂವರೂ ಹೋದರು, ನಡುವೆ ಅಜ್ಜ. ಅವತ್ತು ಮಾತ್ರ ಮೆಲ್ಕಿ ಅಪ್ಪನ ಹಾಗೆ ಓಡಿಸಿದನಂತೆ.

ಕಚೇರಿಯ ಗುಮಾಸ್ತ ಅಜ್ಜನನ್ನು ಕಂಡವನೇ ಎದ್ದು ಕುರ್ಚಿ ಕೊಟ್ಟ. ಅಭಿಪ್ರಾಯ ಹೇಳುವ ಗಡುವು ಮುಗಿದುಹೋಗಿದೆ ಎಂದ. "ನೀವೇನೂ ಯೋಚನೆ ಮಾಡ್ಬೇಡಿ ಅಜ್ಜ, ನಿಮ್ಮ ಮಾತು ಆಗಲೇ ಮೇಲಕ್ಕೆ ಹೋಗಿದೆ. ಎಲ್ಲರೂ ಹೊಗಳ್ತಿದ್ದಾರೆ."

"ಅದನ್ನ ವಾಪಸ್ ತಗೊಳ್ಳೋಕೆ ಬಂದಿದೀನಪ್ಪ" ಎಂದರು ಅಜ್ಜ. "ಹೇಳಿದವನು ನಾನೇ. ನಾನೇ ಬೇಡ ಅಂತಿದೀನಿ. ಇವಳ ಮಾತು ಕೇಳು."

"ಕೇಳ್ತೀನಿ ಅಜ್ಜ, ಕೇಳೋಕೇನು. ಆದ್ರೆ ಕಳಿಸೋಕೆ ಆಗಲ್ಲ."

ನೆಚೇಸ ಆ ಗುಮಾಸ್ತನ ಮುಂದೆ ನಿಂತು ನನ್ನ ಗಿರಣಿಯಲ್ಲಿ ಕಲಿತ ಮಾತನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳಂತೆ. ಅವನು ತಲೆ ತಗ್ಗಿಸಿ ಕೇಳಿದನಂತೆ. ಆಮೇಲೆ, ಊಟದ ಹೊತ್ತಾಯಿತು ಎಂದು ಬಾಗಿಲು ಹಾಕಿದನಂತೆ.

ಅಜ್ಜ ಆಮೇಲೆ ಯಾವ ಸಾವಿನ ಮನೆಯಲ್ಲೂ ಬಾಯಿ ತೆರೆಯಲಿಲ್ಲ. ಕರೆದರೆ ಹೋಗುತ್ತಿದ್ದರು, ಹಿಂದೆ ಎಲ್ಲೋ ಕೂತಿರುತ್ತಿದ್ದರು. ಜುಲೈನಲ್ಲಿ ಇನ್ನೊಬ್ಬ ಬೈಕಿನವನು ಇನ್ನೊಂದು ಕಬ್ಬಿನ ಗಾಡಿಗೆ ಬಡಿದು ಸತ್ತಾಗ ಎಲ್ಲರೂ ಅವರ ಮುಖ ನೋಡಿದರು. ಅವರು ನೆಲ ನೋಡಿದರು. ಹುಡುಗರು ಟ್ರ್ಯಾಕ್ಟರಿಗೆ ಬೆಂಕಿ ಇಟ್ಟರು. ಡ್ರೈವರನ್ನು ಬಡಿದ ಬಡಿತಕ್ಕೆ ಅವನ ಒಂದು ಕಾಲು ಇನ್ನೂ ನೆಟ್ಟಗಾಗಿಲ್ಲ. ಅಜ್ಜ ಮಾತಾಡಿದರೂ ಕೇಡು, ಮಾತಾಡದಿದ್ದರೂ ಕೇಡು. ಮಳೆ ಹಿಡಿಯುವ ಮುಂಚೆ ಅಜ್ಜ ಹೋಗಿಬಿಟ್ಟರು. ವಯಸ್ಸಾಗಿತ್ತು ಅಂದರು. ಆಗಿತ್ತು, ಇಲ್ಲ ಅನ್ನುವುದಿಲ್ಲ.

ನಿಯಮ ಹೊರಬಿತ್ತು. ರೇಡಿಯೋ ಓದುತ್ತಿದ್ದಾಗ ನೆಚೇಸ ನನ್ನ ಗಿರಣಿಯಲ್ಲೇ ಇದ್ದಳು. ಬಸ್ಸು, ವ್ಯಾನು, ಲಾರಿ ಎಲ್ಲಕ್ಕೂ ಹೊಸ ನಿಯಮ. ಕಬ್ಬು ಸಾಗಿಸುವ ಟ್ರೇಲರುಗಳಿಗೆ ಮಾತ್ರ ಸದ್ಯಕ್ಕೆ ವಿನಾಯಿತಿ. ಬೆಳೆಗಾರರ ಹಿತ, ಸ್ಥಳೀಯರ ಅಭಿಪ್ರಾಯ, ಸಂತ್ರಸ್ತ ಕುಟುಂಬಗಳಿಂದಲೂ ಆಕ್ಷೇಪಣೆ ಬಂದಿಲ್ಲ ಎಂದು ಓದಿದರು. ಬಾಡಿಗೆ ಬೈಕಿನವರು ಮಾತ್ರ ಹೊಳೆಯುವ ಅಂಗಿ ತೊಡದೆ ರಸ್ತೆಗೆ ಇಳಿಯುವಂತಿಲ್ಲ. ನೆಚೇಸ ನನ್ನ ಮುಖ ನೋಡಿದಳು, ಬೈಯಲೂ ಇಲ್ಲ. ಅವಳು ಬೈಯದ ದಿನ ನನಗೆ ಭಯವಾಯಿತು.

ಮೊದಲು ಸಿಕ್ಕಿಬಿದ್ದವರಲ್ಲಿ ಮೆಲ್ಕಿಯೂ ಒಬ್ಬ. ಪೊಲೀಸರು ಬೈಕು ಎಳೆದುಕೊಂಡು ಹೋಗಿ, ದಂಡ ಕಟ್ಟಿಸಿ, ಉಪದೇಶ ಮಾಡಿ ಬಿಟ್ಟರು. ಕಿತ್ತಳೆ ಬಣ್ಣದ ಅಂಗಿ ತೊಟ್ಟು ಬಂದ. "ಹೇಗಿದೀನಮ್ಮ? ಮದುವಣಿಗನ ಥರ ಇದೀನಾ?" ಎಂದು ತಾಯಿಯ ಮುಂದೆ ಒಂದು ಸುತ್ತು ತಿರುಗಿದ. ಬೆಂಚಿನ ಮೇಲಿದ್ದ ಟ್ರ್ಯಾಕ್ಟರ್ ಡ್ರೈವರೊಬ್ಬ, "ಚೆನ್ನಾಗಿ ಕಾಣ್ತೀಯ ಬಿಡು, ಮೈಲಿ ದೂರದಿಂದ ಕಾಣ್ತೀಯ" ಎಂದ.

ನೆಚೇಸ ಕೈಯಲ್ಲಿದ್ದ ಸೌಟನ್ನು ಅವನ ಮುಖಕ್ಕೆ ಹಿಡಿದಳು. "ಯಾರಿಗೋ ಕಾಣೋದು? ನಿಂತಿರೋ ಗಾಡಿಗೆ ಇವನು ಕಾಣಬೇಕಾ, ಇವನಿಗೆ ಗಾಡಿ ಕಾಣಬೇಕಾ? ನಿನ್ನ ಟ್ರೇಲರಿನ ಮುಕುಳಿಲಿ ಕಣ್ಣಿದ್ಯೇನೋ?"

ಬೆಂಚಿನವರು ಅಭ್ಯಾಸಬಲದಿಂದ ನಗಲು ಬಾಯಿ ತೆರೆದು ಹಾಗೇ ಮುಚ್ಚಿಕೊಂಡರು. ಡ್ರೈವರ್ ಚಹಾ ಅರ್ಧಕ್ಕೆ ಬಿಟ್ಟು ಎದ್ದ. ಮೆಲ್ಕಿ ಅಂಗಿಯ ತುದಿ ಎಳೆದುಕೊಳ್ಳುತ್ತ ನಿಂತಿದ್ದ. ಆದರೂ ಆ ಅಂಗಿಯನ್ನು ಅವಳು ದಿನವೂ ಒಗೆದು ತಂತಿಗೆ ಹಾಕುತ್ತಾಳೆ. ಧೂಳು ಕೂತರೆ ಹೊಳಪು ಹೋಗುತ್ತದಂತೆ.

ಮೊನ್ನೆ ಮತ್ತೆ ಧ್ವನಿವರ್ಧಕದ ವ್ಯಾನು ಬಂತು. ಸರ್ಕಾರ ರಸ್ತೆ ಸುರಕ್ಷತೆಯ ನಿಯಮಗಳನ್ನು ಮರುಪರಿಶೀಲನೆ ಮಾಡುತ್ತಿದೆ, ಗುರುವಾರ ಚೀಫನ ಅಂಗಳದಲ್ಲಿ ಸಭೆ, ಎಲ್ಲರೂ ಬಂದು ಮುಕ್ತವಾಗಿ ಅಭಿಪ್ರಾಯ ತಿಳಿಸಬೇಕು ಎಂದು ಕೂಗುತ್ತ ಮಾರುಕಟ್ಟೆಯ ಈ ತುದಿಯಿಂದ ಆ ತುದಿಗೆ ಹೋಯಿತು. ವ್ಯಾನಿನ ಹಿಂದೆ ಮೂರು ಕಬ್ಬಿನ ಗಾಡಿಗಳು ಸಿಕ್ಕಿಕೊಂಡು ತೆವಳುತ್ತಿದ್ದವು. ನಾನು ಮೈಮೇಲಿನ ಹಿಟ್ಟು ಕೊಡವಿಕೊಂಡು ರಸ್ತೆ ದಾಟಿದೆ.

"ಈ ಸಲ ಹೋಗೋಣ ಕಣೇ. ಈಗ ಅಜ್ಜ ಇಲ್ಲ. ಯಾರಿಗೂ ಕೋಳಿ ಕೊಡೋದು ಬೇಡ. ಎದ್ದು ನಿಂತು ಹೇಳ್ಬಿಡು."

ಅವಳು ಹಿಟ್ಟು ಲಟ್ಟಿಸುತ್ತಿದ್ದಳು, ತಲೆ ಎತ್ತಲಿಲ್ಲ. "ಅಜ್ಜ ಇಲ್ದಿದ್ರೆ ಅವರ ತಮ್ಮ ಇದಾರೆ. ತಮ್ಮ ಹೋದ್ರೆ ಅವರ ಮಗ. ಗಂಡನ ಸಾವಿಗೆ ನನಗೆ ಬಾಯಿಲ್ಲ ಅಕ್ಕ. ಅದನ್ನ ಹೇಳಿಯಾಗಿದೆ ಅಂತಾರೆ, ಬರ್ದೂ ಆಗಿದೆ."

"ಹಾಗಾದ್ರೆ ಸುಮ್ನೆ ಇದ್ಬಿಡೋದಾ?"

"ಹೆತ್ತ ಮಗು ಸತ್ರೆ ಮಾತ್ರ ತಾಯಿ ಯಾರನ್ನೂ ಕೇಳ್ಬೇಕಾಗಿಲ್ಲ. ಯಾವ ಹಿರಿಯರೂ ಅಡ್ಡ ಬರೋ ಹಾಗಿಲ್ಲ. ನಿಂಗೂ ಗೊತ್ತಲ್ಲ" ಎಂದಳು. ಲಟ್ಟಣಿಗೆ ನಿಂತಿತು. "ಅವರ ಮುಂದೆ ನಾನು ಎದ್ದು ನಿಂತು ದೀಪ ಕೇಳ್ಬೇಕು ಅಂದ್ರೆ ಮೆಲ್ಕಿ ಸಾಯಬೇಕು. ನಂಗೆ ಬೇಡ ಅಕ್ಕ ಆ ದೀಪ. ನೀನು ಹೋಗು."

ನಾನು ಬೆಂಚಿನ ಮೇಲೆ ಕೂತೆ. ಅವಳು ಎಣ್ಣೆ ಕಾದಿದೆಯೇ ಎಂದು ಒಂದು ಚೂರು ಹಿಟ್ಟು ಬಿಟ್ಟು ನೋಡಿದಳು. ಹೊತ್ತು ಇಳಿಯುತ್ತಿತ್ತು, ತೂಕ ಮುಗಿಸಿದ ಗಾಡಿಗಳು ಒಂದೊಂದಾಗಿ ಕಾರ್ಖಾನೆಯ ಕಡೆ ಹೊರಟವು, ಮೆಲ್ಕಿ ಇನ್ನೂ ಬಂದಿರಲಿಲ್ಲ.